ಚಿನ್ನ ಕಿತ್ತರು, ದಂತ ಬಿಸಾಕಿದರು

ಅಸ್ಸೀರಿಯಾದ ಅರಸರು ಆನೆದಂತದ ಮಂಚ, ಪೀಠಗಳನ್ನು ಕೋಣೆಗಟ್ಟಲೆ ಪೇರಿಸಿಟ್ಟಿದ್ದರು. ಊರು ಸುಟ್ಟ ದಿನ ಲೂಟಿಕೋರರಿಗೆ ಬೇಕಾಗಿದ್ದು ಮೇಲಿನ ಬಂಗಾರದ ತಗಡು ಮಾತ್ರ. ಅವರು ಬಿಟ್ಟುಹೋದ ಚೂರುಗಳೇ ಇವತ್ತು ಜಗತ್ತಿನ ಮ್ಯೂಸಿಯಂಗಳ ಹೆಮ್ಮೆ. ಅಮೆರಿಕದ ಕ್ಯಾರಿ ಊರಿನ ಒಂದು ಗೊಂಬೆ ಹಬ್ಬದಲ್ಲಿ ಎದ್ದ ತಕರಾರು ನಮ್ಮನ್ನು ಮೈಸೂರಿಗೂ ನಿಮ್ರುದ್‌ಗೂ ಕರೆದೊಯ್ದ ಕಥೆ.

"ಇದು ಅಸಲಿ ದಂತ ಕಣ್ರೀ. ನಮ್ಮತ್ತೆ ಕೊಟ್ಟಿದ್ದು."

"ಅಸಲಿ ಆಗಿದ್ರೆ ಏರ್‌ಪೋರ್ಟ್‌ನಲ್ಲೇ ಇಳಿಸ್ಕೊಳ್ತಿದ್ರು, ಬಿಡಿ. ಪ್ಲಾಸ್ಟಿಕ್ಕು."

ಕ್ಯಾರಿಯ ಒಂದು ಮನೆ, ನವರಾತ್ರಿಯ ಆರನೇ ಸಂಜೆ. ಐಕಿಯಾ ಕಪಾಟಿನ ಹಲಗೆಗಳನ್ನೇ ಮೆಟ್ಟಿಲು ಮಾಡಿ, ಮೇಲೆ ಬಿಳಿ ಪಂಚೆ ಹಾಸಿ ಗೊಂಬೆ ಕೂರಿಸಿದ್ದಾರೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ. ಅದರ ಪಕ್ಕ ಮೈಸೂರಿನ ಬೀಟೆ ಮರದ ಪೆಟ್ಟಿಗೆ. ಮುಚ್ಚಳದ ಮೇಲೆ ಅಂಬಾರಿ ಹೊತ್ತ ಬಿಳಿ ಆನೆ, ಸುತ್ತ ಬಿಳಿ ಬಳ್ಳಿ. ಅರಿಶಿನ-ಕುಂಕುಮಕ್ಕೆ ಬಂದವರೆಲ್ಲ ಕಡಲೆ ಉಸಲಿ ಮರೆತು ಆ ಆನೆಯ ಸುತ್ತ ನಿಂತುಬಿಟ್ಟರು.

ಪುಣ್ಯಕ್ಕೆ ಬಂದವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. "ದಂತದ ವಿಷಯ ದಂತವೈದ್ಯೆಯನ್ನೇ ಕೇಳಿ" ಎಂದು ಯಾರೋ ನಗೆಚಾಟಿಕೆ ಮಾಡಿದರು. ಮಾತೇನೂ ಸುಳ್ಳಲ್ಲ. ಆನೆಯ ದಂತವೆಂದರೆ ಅದರ ಮೇಲ್ದವಡೆಯ ಮುಂಬಲ್ಲು, ಜೀವನವಿಡೀ ಬೆಳೆಯುತ್ತಲೇ ಇರುವ ಹಲ್ಲು. ಆಕೆ ಫೋನಿನ ಬೆಳಕು ಹಾಕಿ, ಕ್ಯಾಮೆರಾ ಹಿಗ್ಗಿಸಿ, ಆನೆಯ ಹೊಟ್ಟೆಯನ್ನು ಬಹಳ ಹೊತ್ತು ನೋಡಿದರು. ತೀರ್ಪು ಏನಾಯಿತೆಂದು ಆಮೇಲೆ ಹೇಳುತ್ತೇನೆ.

ನನ್ನ ತಲೆ ಮಾತ್ರ ಅಷ್ಟರಲ್ಲಿ ಬೇರೆಡೆಗೆ ಓಡಿತ್ತು. ಕರಿ ಮರದ ಮೇಲೆ ಬಿಳಿ ದಂತ ಕೂರಿಸಿ ಅರಸನಿಗೆ ಪೀಠ ಮಾಡುವ ವಿದ್ಯೆ ಮೈಸೂರಿನದೊಂದೇ ಅಲ್ಲ. ಅದರ ಅತಿ ದೊಡ್ಡ ರಾಶಿ ಸಿಕ್ಕಿದ್ದು ಇರಾಕಿನ ಮಣ್ಣಿನಲ್ಲಿ.

69,574 ಜನರ ಊಟ

ಮೊಸುಲ್ ನಗರದಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ಟೈಗ್ರಿಸ್ ನದಿಯ ಪೂರ್ವ ದಂಡೆಗೆ ನಿಮ್ರುದ್ ಎಂಬ ದಿಬ್ಬವಿದೆ. ಹಳೆಯ ಹೆಸರು ಕಲ್ಹು. ಕ್ರಿ.ಪೂ. 883ರಲ್ಲಿ ಪಟ್ಟಕ್ಕೆ ಬಂದ ಅಸ್ಸೀರಿಯಾದ ಅರಸ ಎರಡನೇ ಅಶೂರ್‌ನಾಸಿರ್‌ಪಾಲ್ ಇದನ್ನು ರಾಜಧಾನಿ ಮಾಡಿಕೊಂಡ.

ಅರಮನೆಯ ಗೃಹಪ್ರವೇಶಕ್ಕೆ ಆತ ಹಾಕಿಸಿದ ಊಟದ ಲೆಕ್ಕ ಕಲ್ಲಿನ ಮೇಲಿದೆ. ಹತ್ತು ದಿನ, 69,574 ಅತಿಥಿಗಳು. ನಾಡಿನ ಮೂಲೆಮೂಲೆಯಿಂದ 47,074 ಮಂದಿ, ಪರದೇಶದ ರಾಯಭಾರಿಗಳು 5,000, ಊರಿನವರು 16,000, ಅರಮನೆಯ ಅಧಿಕಾರಿಗಳು 1,500. ಕೂಡಿ ನೋಡಿದೆ, ಲೆಕ್ಕ ಸರಿಯಾಗಿದೆ. ನಮ್ಮ ಕಡೆಯ ಮದುವೆಗಳಲ್ಲಿ ಎಲೆ ಎಣಿಸುವವರು ಸಹ ಇಷ್ಟು ಕರಾರುವಾಕ್ಕಾಗಿರುವುದಿಲ್ಲ.

ಇಂಥ ಮನೆಗೆ ತಕ್ಕ ಪೀಠೋಪಕರಣ ಬೇಡವೇ? ಮಂಚ, ಸಿಂಹಾಸನ, ಕಾಲುಮಣೆ, ಮೇಜು ಎಲ್ಲವೂ ಮರದವು. ಮೇಲೆಲ್ಲ ಕೆತ್ತಿದ ದಂತದ ಫಲಕಗಳು. ಪೂರ್ತಿ ದಂತದಲ್ಲೇ ಮಂಚ ಮಾಡುವಂತಿಲ್ಲ. ಆನೆದಂತ ಬಾಗಿರುತ್ತದೆ, ಬುಡದ ಕಡೆ ಒಳಗೆ ಟೊಳ್ಳು, ತುದಿಯಲ್ಲಿ ಚೂಪು. ಬಗ್ಗಿಸಲಾಗದು, ಕರಗಿಸಲಾಗದು, ಎರಕ ಹೊಯ್ಯಲಾಗದು. ಒಂದು ದಂತದಿಂದ ಸಿಗುವುದು ಅಂಗೈಯಗಲದ ಹಲಗೆಗಳೇ. ಹಾಗಾಗಿ ಅಂಗೈಯಗಲದ ಚಿತ್ರಗಳನ್ನೇ ಕೆತ್ತಿ, ಮರಕ್ಕೆ ಸಾಲುಸಾಲಾಗಿ ಕೂರಿಸಿದರು.

ಆ ಚಿತ್ರಗಳಲ್ಲಿ ಕೆಲವು ನಮಗೆ ಪರಿಚಯ ಮಾಡಿಕೊಡುವುದೇ ಬೇಡ. ಹಸು ಕೊರಳು ಹಿಂದಕ್ಕೆ ತಿರುಗಿಸಿ, ಕೆಚ್ಚಲಿಗೆ ಬಾಯಿಟ್ಟ ಕರುವಿನ ಬಾಲದ ಬುಡ ನೆಕ್ಕುತ್ತಿದೆ. ಕೊಟ್ಟಿಗೆ ಕಂಡವರು ಯಾರೇ ಆದರೂ ಈ ಭಂಗಿಯನ್ನು ಕಣ್ಣುಮುಚ್ಚಿ ಗುರುತಿಸುತ್ತಾರೆ. ಇನ್ನೊಂದು ಕಡೆ ಕಿಟಕಿಯಿಂದ ಇಣುಕುವ ಹೆಣ್ಣು, ಮುಖ ಮಾತ್ರ ಕಾಣುತ್ತದೆ. ಮತ್ತೆ ರೆಕ್ಕೆಯ ಸಿಂಹ, ಕಮಲ ಹಿಡಿದ ಹುಡುಗ, ಮೇಯುವ ಜಿಂಕೆ.

ಒಂದು ತಪ್ಪು ಕಲ್ಪನೆ ಬಿಡಬೇಕು. ನಾವು ಗಾಜಿನ ಪೆಟ್ಟಿಗೆಯಲ್ಲಿ ನೋಡುವ ಕೆನೆ ಬಣ್ಣದ ಈ ಚೂರುಗಳನ್ನು ಆ ಅರಸರು ಹಾಗೆ ನೋಡಿದ್ದೇ ಅಲ್ಲ. ಎಷ್ಟೋ ಫಲಕಗಳಿಗೆ ಬಂಗಾರದ ತಗಡು ಹೊದಿಸಿದ್ದರು, ಕೊರೆದ ಗುಳಿಗಳಲ್ಲಿ ನೀಲಿ, ಕೆಂಪು ಗಾಜು ತುಂಬಿದ್ದರು. ಝಗಮಗ ಎನ್ನುವ ಬಣ್ಣದ ನಡುವೆ ದಂತ ಅಲ್ಲಲ್ಲಿ ಇಣುಕುತ್ತಿತ್ತು, ಅಷ್ಟೆ. ನಿಜ ಹೇಳಬೇಕೆಂದರೆ ನಮ್ಮ ಕಣ್ಣಿಗೆ ಅದು ಸ್ವಲ್ಪ ಅತಿ ಅನ್ನಿಸುತ್ತಿತ್ತೇನೋ.

> ಮೈಸೂರಿನ ಪೀಠದಡಿಯಲ್ಲೂ ದಂತ
>
> ನವರಾತ್ರಿಗೆ ಮುನ್ನ ಮೈಸೂರು ಅರಮನೆಯಲ್ಲಿ ಬಿಡಿಭಾಗ ಜೋಡಿಸಿ ನಿಲ್ಲಿಸುವ ರತ್ನಸಿಂಹಾಸನ ಈಗ ಬಂಗಾರಮಯ. ಹಳೆಯ ವಿವರಗಳ ಪ್ರಕಾರ ಅದು ಮೂಲತಃ ಅತ್ತಿ ಮರದ್ದು, ಮೇಲೆ ದಂತದ ಹೊದಿಕೆ. ಚಿನ್ನ-ಬೆಳ್ಳಿಯ ತಗಡು ಬಂದದ್ದು ತರುವಾಯ. ಪಾಂಡವರ ಸಿಂಹಾಸನ, ಪೆನುಕೊಂಡೆಯಲ್ಲಿ ಹೂತಿಟ್ಟಿದ್ದರು ಎಂಬುದು ಒಂದು ಐತಿಹ್ಯ. ಔರಂಗಜೇಬನು ಚಿಕ್ಕದೇವರಾಜ ಒಡೆಯರಿಗೆ ಕಳಿಸಿದ್ದು ಎಂಬುದು ಇನ್ನೊಂದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕಕ್ಕೆ ಇದೇ ಪೀಠ ಬಳಕೆಯಾಯಿತು. ಈಗಿನ ಅರಮನೆಯ ಅಂಬಾವಿಲಾಸಕ್ಕೆ ಹೋದವರು ದಂತ ಕೂರಿಸಿದ ಬೀಟೆ ಬಾಗಿಲನ್ನು ನೋಡದೆ ಬರಬಾರದು.

ಮಾಡಿದವರು ಯಾರೋ, ಕೂತವರು ಯಾರೋ

ಇವನ್ನೆಲ್ಲ ಅಸ್ಸೀರಿಯಾದ ದಂತಗಳು ಎನ್ನುವುದು ವಾಡಿಕೆ. ಆದರೆ ಇವುಗಳಲ್ಲಿ ಬಹುಪಾಲು ಅಸ್ಸೀರಿಯಾದವರು ಕೆತ್ತಿದ್ದಲ್ಲ.

ಕಡಲ ತೀರದ ಫಿನೀಷಿಯಾದ ಕೆತ್ತನೆಗಾರರು ಈಜಿಪ್ಟಿನ ಛಾಯೆಯಲ್ಲಿ ಕೆತ್ತಿದರು: ಸಪೂರ ಮೈ, ಅಚ್ಚುಕಟ್ಟು, ಗಾಜಿನ ಕುಸುರಿ. ಉತ್ತರ ಸಿರಿಯಾದವರ ಕೈ ಬೇರೆ: ದುಂಡು ಮುಖ, ದೊಡ್ಡ ಕಣ್ಣು, ಜಾಗ ಬಿಡದೆ ತುಂಬಿದ ಚಿತ್ರ. ಇವೆರಡರ ನಡುವಿನ ಶೈಲಿಯೂ ಉಂಟು. ಅಪ್ಪಟ ಅಸ್ಸೀರಿಯನ್ ಎನ್ನಬಹುದಾದವು ಕೆಲವೇ. ಅವುಗಳ ಮೇಲೆ ಉಬ್ಬುಗೆತ್ತನೆಗಿಂತ ಗೆರೆ ಕೊರೆತವೇ ಹೆಚ್ಚು. ವಸ್ತು ಏನೆಂದು ಕೇಳಬೇಕೇ? ಮೆರವಣಿಗೆ, ಬೇಟೆ, ಯುದ್ಧ, ಬಟ್ಟಲು ಹಿಡಿದ ರಾಜ.

ಹಾಗಾದರೆ ಉಳಿದದ್ದು ಕಲ್ಹುವಿಗೆ ಬಂದದ್ದು ಹೇಗೆ? ಕಪ್ಪವಾಗಿ, ಕೊಳ್ಳೆಯಾಗಿ. ಕ್ರಿ.ಪೂ. 701ರಲ್ಲಿ ಜೆರುಸಲೇಮಿನ ಅರಸ ಹೆಜೆಕಿಯ ತನಗೆ ಒಪ್ಪಿಸಿದ ಸೊತ್ತಿನ ಪಟ್ಟಿಯನ್ನು ಅಸ್ಸೀರಿಯಾದ ಅರಸ ಸೆನ್ನಾಚೆರಿಬ್ ಬರೆಸಿಟ್ಟಿದ್ದಾನೆ. ಬಂಗಾರ ಬೆಳ್ಳಿಯ ಜೊತೆ ಅದರಲ್ಲಿ ದಂತದ ಮಂಚ, ದಂತದ ಕುರ್ಚಿ, ಆನೆ ಚರ್ಮ, ಇಡಿ ದಂತ ಎಲ್ಲವೂ ಇವೆ. ಬೈಬಲ್ಲಿನ ಪ್ರವಾದಿ ಆಮೋಸ್, ದಂತದ ಮಂಚದ ಮೇಲೆ ಹೊರಳಾಡುವ ಶ್ರೀಮಂತರನ್ನು ಬೈದದ್ದೂ ಅದೇ ಶತಮಾನದಲ್ಲಿ. ಸಿರಿಯಾದ ಅರ್ಸ್ಲಾನ್ ತಾಶ್‌ನಲ್ಲಿ ಅಸ್ಸೀರಿಯಾದ ಕಟ್ಟಡದೊಳಗೆ ಸಿಕ್ಕ ದಂತದ ಪಟ್ಟಿಯೊಂದರ ಮೇಲೆ ಡಮಾಸ್ಕಸ್‌ನ ಅರಸ ಹಜಾಯೇಲನ ಹೆಸರೇ ಇದೆ. ಸೋತವನ ಮಂಚ ಗೆದ್ದವನ ಮನೆಗೆ ಹೋಗಿತ್ತು.

ಹೋಗಿ ಏನಾಯಿತು? ಬಹುಪಾಲು ಉಗ್ರಾಣ ಸೇರಿತು. ಮೂರನೇ ಶಾಲ್ಮನೇಸರ್ ಕಲ್ಹುವಿನಲ್ಲಿ ಕಟ್ಟಿಸಿದ ದೊಡ್ಡ ಶಸ್ತ್ರಾಗಾರವಿದೆ. ಅಗೆದವರು ಅದಕ್ಕೆ ಶಾಲ್ಮನೇಸರ್ ಕೋಟೆ ಎಂದು ಹೆಸರಿಟ್ಟರು. ಅಲ್ಲಿನ ಕೋಣೆಗಳಲ್ಲಿ ದಂತದ ಫಲಕಗಳು ಸಾವಿರ ಸಾವಿರ. ಒಂದು ಕೋಣೆಯಲ್ಲಂತೂ ಒರಗುಬೆನ್ನುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಮರವೆಲ್ಲ ಮಣ್ಣಾಗಿದ್ದರೂ ಫಲಕಗಳು ಬಿದ್ದಲ್ಲೇ ಸಾಲು ತಪ್ಪದೆ ಇದ್ದವು. ಅಷ್ಟರಲ್ಲಿ ರಾಜಧಾನಿಯೂ ಬೇರೆಡೆಗೆ ಹೋಗಿತ್ತು. ಅಟ್ಟದ ಮೇಲೆ ಹಾಕಿ ಮರೆತ ಹಳೇ ಸಾಮಾನಿನ ಹಾಗೆ ಅರ್ಧ ಪಶ್ಚಿಮ ಏಷ್ಯಾದ ಸಿರಿ ಅಲ್ಲಿ ದೂಳು ತಿನ್ನುತ್ತಿತ್ತು.

ಕೆಲವು ಅರಸರು ಬಳಸಿದ್ದೂ ಉಂಟು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಕಲ್ಲಿನ ಫಲಕದಲ್ಲಿ ಅಶೂರ್‌ಬನಿಪಾಲ್ ದ್ರಾಕ್ಷಿ ಚಪ್ಪರದ ಕೆಳಗೆ ಮಂಚದಲ್ಲಿ ಒರಗಿದ್ದಾನೆ, ರಾಣಿ ಎದುರಿನ ಪೀಠದಲ್ಲಿ. ಮಂಚದ ಕಾಲಿನಲ್ಲಿ ಕಿಟಕಿಯಿಂದ ಇಣುಕುವ ಅದೇ ಹೆಣ್ಣಿನ ಚಿತ್ರ. ಪಕ್ಕದ ಮರದ ಕೊಂಬೆಯಲ್ಲಿ ತೂಗುತ್ತಿರುವುದು ಮಾತ್ರ ಎಲಾಮಿನ ಅರಸ ತ್ಯೂಮ್ಮನ್‌ನ ತಲೆ.

ಇಷ್ಟೆಲ್ಲ ಅರಸರ ಹೆಸರು ಸಿಗುತ್ತದೆ, ಕೆತ್ತಿದವರದು ಸಿಗುವುದಿಲ್ಲ. ಸಿಗುವುದು ಫಲಕದ ಬೆನ್ನಿಗೆ ಗೀರಿದ ಒಂದೊಂದು ಅಕ್ಷರ. ಯಾವ ತುಂಡು ಯಾವ ಗುಳಿಗೆ ಎಂದು ಬಡಗಿ ಮಾಡಿಕೊಂಡ ಗುರುತು. ಅದು ಅಸ್ಸೀರಿಯಾದ ಬೆಣೆ ಲಿಪಿಯಲ್ಲ, ಪಶ್ಚಿಮದ ಅಕ್ಷರಮಾಲೆಯದು. ಕೆಲಸ ಮಾಡಿದವರ ಊರು ಯಾವ ದಿಕ್ಕಿನದೆಂದು ಹೇಳುವ ಸಾಕ್ಷಿಗಳಲ್ಲಿ ಇದೂ ಒಂದು. ನನಗೆ ಇಡೀ ರಾಶಿಯಲ್ಲಿ ಅತಿ ಇಷ್ಟವಾಗುವುದು ಮುಂಬದಿಯ ಸಿಂಹಗಳಲ್ಲ, ಬೆನ್ನಿನ ಈ ಗೀಚು.

ಬಾವಿಯೊಳಗಿನ ಮುಖ

ಕ್ರಿ.ಪೂ. 612ರ ಸುಮಾರಿಗೆ ಮೀಡರು ಮತ್ತು ಬ್ಯಾಬಿಲೋನಿನವರು ಸೇರಿ ಅಸ್ಸೀರಿಯಾವನ್ನು ಮುಗಿಸಿದರು. ಕಲ್ಹುವೂ ಉರಿಯಿತು. ಲೂಟಿಕೋರರು ಫಲಕಗಳ ಮೇಲಿನ ಬಂಗಾರ ಸುಲಿದುಕೊಂಡು, ದಂತವನ್ನು ನೆಲಕ್ಕೆ ಎಸೆದರು. ಎಷ್ಟನ್ನೋ ಬಾವಿಗೆ ಹಾಕಿದರು. ಬೆಂಕಿ ತಾಗಿದವು ಕಪ್ಪಾದವು, ಕೆಲವು ನೀಲಿ-ಬೂದಿ ಬಣ್ಣಕ್ಕೆ ತಿರುಗಿದವು.

ಎರಡೂವರೆ ಸಾವಿರ ವರ್ಷದ ಮೇಲೆ, 1845ರಲ್ಲಿ, ಇಂಗ್ಲಿಷ್ ಉತ್ಖನನಕಾರ ಆಸ್ಟೆನ್ ಹೆನ್ರಿ ಲೇಯಾರ್ಡ್ ಇಲ್ಲಿ ಗುದ್ದಲಿ ಹಾಕಿಸಿದ. ಅವನಿಗೆ ಬೇಕಾಗಿದ್ದು ಕಲ್ಲಿನ ದೊಡ್ಡ ಫಲಕಗಳು. ನಡುವೆ ಸಿಕ್ಕ ದಂತದ ಚೂರುಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಲಂಡನ್ನಿನಲ್ಲಿ ಅವನ್ನು ಜೆಲಟಿನ್ ದ್ರಾವಣದಲ್ಲಿ ಅದ್ದಿ ಗಟ್ಟಿ ಮಾಡಿದರು.

ಆದರೆ ದೊಡ್ಡ ಫಸಲು ಬಂದದ್ದು ಪುರಾತತ್ತ್ವಜ್ಞ ಮ್ಯಾಕ್ಸ್ ಮ್ಯಾಲೋವನ್ 1949ರಲ್ಲಿ ಶುರುಮಾಡಿದ ಉತ್ಖನನದಲ್ಲಿ. ಆತನ ಹೆಂಡತಿ ಪತ್ತೇದಾರಿ ಕಾದಂಬರಿಗಳ ಅಗಾಥಾ ಕ್ರಿಸ್ಟಿ. ದಂತಗಳ ಸಂದಿಗೊಂದಿಯ ಕೆಸರು ತೆಗೆಯಲು ಆಕೆ ಬಳಸಿದ್ದು ಉಗುರು ಸವರುವ ಕಡ್ಡಿ, ಹೆಣಿಗೆಯ ಸಣ್ಣ ಸೂಜಿ, ಮತ್ತು ತನ್ನದೇ ಮುಖದ ಕ್ರೀಮು. ಎರಡು ವಾರದಲ್ಲಿ ಮುಖಕ್ಕೆ ಹಚ್ಚಲು ಕ್ರೀಮೇ ಉಳಿಯಲಿಲ್ಲ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾಳೆ. ಪ್ರಯೋಗಾಲಯದ ಪರಿಕರ ಇಲ್ಲವೆಂದು ಕೈಕಟ್ಟಿ ಕೂರದ ಹೆಂಗಸು.

1952ರಲ್ಲಿ ಅಶೂರ್‌ನಾಸಿರ್‌ಪಾಲನ ವಾಯವ್ಯ ಅರಮನೆಯ ಬಾವಿಯ ತಳದ ಕೆಸರಿನಿಂದ ಒಂದು ಹೆಣ್ಣಿನ ಮುಖ ಎದ್ದು ಬಂತು. ಎತ್ತರ 16 ಸೆಂ.ಮೀ. ತುಟಿಯಂಚಿನಲ್ಲಿ ಸಣ್ಣ ನಗು, ಮೈಬಣ್ಣ ಕಂದು. ಒಮ್ಮೆಲೆ ಒಣಗಿದರೆ ಬಿರುಕು ಬಿಡುತ್ತದೆಂದು ಒದ್ದೆ ಬಟ್ಟೆ ಮುಚ್ಚಿ, ಬಾಣಂತಿಯನ್ನು ನೋಡಿಕೊಂಡಂತೆ ನಿಧಾನವಾಗಿ ಆರಿಸಿದರು. "ಬಾವಿಯ ಹೆಣ್ಣು" ಎಂದರು; ಪತ್ರಿಕೆಗಳ ಬಾಯಲ್ಲಿ "ನಿಮ್ರುದ್‌ನ ಮೋನಾಲಿಸಾ" ಆಯಿತು. ಅದು ಈಗ ಬಾಗ್ದಾದ್‌ನ ಇರಾಕ್ ಮ್ಯೂಸಿಯಂನ ಸೊತ್ತು.

> ಯಾರಲ್ಲಿ ಎಷ್ಟು?
>
> 2011ರಲ್ಲಿ ಬ್ರಿಟಿಷ್ ಮ್ಯೂಸಿಯಂ 11.7 ಲಕ್ಷ ಪೌಂಡ್ ಕೊಟ್ಟು ಮ್ಯಾಲೋವನ್ ಕಾಲದ ಸುಮಾರು 1,000 ಫಲಕ ಮತ್ತು 5,000 ಚೂರುಗಳನ್ನು ಕೊಂಡಿತು. ಹಣದಲ್ಲಿ ಒಂದಷ್ಟು ಸಾರ್ವಜನಿಕರ ವಂತಿಗೆ. ಉತ್ಖನನಕ್ಕೆ ಹಣ ಹಾಕಿದ್ದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೂ ಪಾಲು ಸಿಕ್ಕಿತ್ತು. ಅದರ ಜಾಲತಾಣದಲ್ಲಿ ಫಲಕಗಳನ್ನು ಹತ್ತಿರದಿಂದ ನೋಡಬಹುದು. ದಂತಗಳ ಪಟ್ಟಿ ತಯಾರಿಸುವ ಕೆಲಸದಲ್ಲಿ ವಿದ್ವಾಂಸೆ ಜಾರ್ಜಿನಾ ಹರ್ಮನ್ ದಶಕಗಳನ್ನೇ ಕಳೆದರು.

ಆನೆ ಮುಗಿಯಿತು

ಈ ದಂತವೆಲ್ಲ ಯಾವ ಆನೆಯದು? ಆಫ್ರಿಕದ ಮಾಲು ಈಜಿಪ್ಟಿನ ದಾರಿಯಲ್ಲಿ ಬರುತ್ತಿತ್ತು. ಆದರೆ ಆ ಕಾಲಕ್ಕೆ ಸಿರಿಯಾದ ನದೀತೀರಗಳಲ್ಲೇ ಆನೆಗಳಿದ್ದವು. ನಾಗರಹೊಳೆ, ಬಂಡೀಪುರದ ಆನೆಗಳ ಬಳಗದವೇ, ಏಷ್ಯಾದ ಆನೆಗಳು. ಈಜಿಪ್ಟಿನ ಮೂರನೇ ಥಟ್ಮೋಸ್ ಅಲ್ಲಿ 120 ಆನೆಗಳನ್ನು ಬೇಟೆಯಾಡಿದೆನೆಂದು ಕೊಚ್ಚಿಕೊಂಡ. ಅಸ್ಸೀರಿಯಾದ ಮೊದಲನೇ ತಿಗ್ಲತ್ ಪಿಲೇಸರ್ 10 ಆನೆ ಕೊಂದು 4ನ್ನು ಜೀವಂತ ಹಿಡಿದ. ಅಶೂರ್‌ನಾಸಿರ್‌ಪಾಲ್ 30 ಕೊಂದ. ಕ್ರಿ.ಪೂ. ಏಳನೇ ಶತಮಾನ ಮುಗಿಯುವ ಹೊತ್ತಿಗೆ ಸಿರಿಯಾದ ಆನೆ ಇಲ್ಲವಾಗಿತ್ತು. ದಂತದ ಪೀಠಗಳ ಆ ವೈಭವವೂ ಅದರೊಟ್ಟಿಗೆ ಮುಗಿಯಿತು. ಯುದ್ಧಗಳದೂ ಕೈವಾಡವಿರಬಹುದು. ಆದರೆ ಕಾಡಿನಲ್ಲಿ ಆನೆಯೇ ಇಲ್ಲದ ಮೇಲೆ ಕೆತ್ತುವವನ ಕೈಚಳಕ ಏನು ಮಾಡೀತು?

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುವುದು ನಮ್ಮ ಗಾದೆ. ಆನೆಗೆ ಅದು ಗಾದೆಯಲ್ಲ, ಶಾಪ. ವೀರಪ್ಪನ್ ಕಾಲದ ಕಾಡನ್ನು ನೆನೆದರೆ ಸಾಕು.

ಮೈಸೂರಿನ ಕಥೆ ತಿರುಗಿದ್ದು ಇಲ್ಲೇ. 1972ರ ವನ್ಯಜೀವಿ ಕಾಯ್ದೆಗೆ 1986ರಲ್ಲಿ ತಿದ್ದುಪಡಿಯಾಗಿ ನಮ್ಮ ಆನೆಯ ದಂತದ ವ್ಯಾಪಾರ ನಿಂತಿತು. 1991ರ ತಿದ್ದುಪಡಿ ಆಫ್ರಿಕದ ದಂತಕ್ಕೂ ಬಾಗಿಲು ಹಾಕಿತು. ತಲೆತಲಾಂತರದಿಂದ ದಂತ ಕೊಯ್ದು ಬದುಕಿದವರ ಅನ್ನಕ್ಕೆ ಅದು ಪೆಟ್ಟು, ಸುಳ್ಳಲ್ಲ. ಆದರೂ ಅವರ ಕೆಲಸ ಸಾಯಲಿಲ್ಲ. ಬೀಟೆಯ ಹಲಗೆಯ ಮೇಲೆ ಚಿತ್ರ ಬರೆದು, ಉಳಿಯಲ್ಲಿ ಗುಳಿ ತೋಡಿ, ಕೂದಲೆಳೆಯಂಥ ಗರಗಸದಲ್ಲಿ ತುಂಡು ಕೊಯ್ದು, ಅಂಟು ಹಾಕಿ ಕೂರಿಸಿ, ಉಜ್ಜಿ ನಯ ಮಾಡುವ ವಿದ್ಯೆ ಹಾಗೇ ಉಳಿಯಿತು. ಬದಲಾದದ್ದು ಗುಳಿಯೊಳಗಿನ ವಸ್ತು: ದಂತದ ಜಾಗಕ್ಕೆ ಪ್ಲಾಸ್ಟಿಕ್ ಬಂತು, ಬಗೆಬಗೆ ಬಣ್ಣದ ಮರ ಬಂತು. ಮೈಸೂರು ಬೀಟೆ ಇನ್‌ಲೇ ಕೆಲಸಕ್ಕೆ ಈಗ ಭೌಗೋಳಿಕ ಗುರುತೂ ಇದೆ. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳು 6,395. ಸಿರಿಯಾದ ಕೆತ್ತನೆಗಾರರಿಗೆ ಈ ಎರಡೂ ಸಿಗಲಿಲ್ಲ: ಆನೆಯನ್ನು ಉಳಿಸುವ ಕಾಯ್ದೆ, ದಂತಕ್ಕೆ ಬದಲಿ.

ಹಾಂ, ತೀರ್ಪು. ಹಲ್ಲಿನ ಡಾಕ್ಟರು ತಲೆಯೆತ್ತಿ, "ಒಂದು ಎಳೆಯೂ ಇಲ್ಲ, ಎಲ್ಲ ಕಡೆ ಒಂದೇ ಸಮ ಬಿಳುಪು, ಪ್ಲಾಸ್ಟಿಕ್ಕೇ" ಎಂದರು. ಮನೆಯೊಡತಿಯ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ಅವರೇ ನಕ್ಕು, "ಸದ್ಯ, ಅತ್ತೆ ನನ್ನನ್ನ ಜೈಲಿಗೆ ಕಳಿಸ್ಲಿಲ್ಲ" ಎಂದು ಉಸಲಿ ಬಡಿಸಿದರು.

> ದಂತವೋ, ಪ್ಲಾಸ್ಟಿಕ್ಕೋ?
>
> ಆನೆದಂತವನ್ನು ಅಡ್ಡ ಕೊಯ್ದರೆ ಒಂದನ್ನೊಂದು ಹಾಯುವ ಸಣ್ಣ ಗೆರೆಗಳ ಬಲೆ ಕಾಣುತ್ತದೆ. ಅಂಚಿನ ಹತ್ತಿರ ಆ ಗೆರೆಗಳು ಅಗಲ ಕೋನದಲ್ಲಿ ಕೂಡಿದರೆ ಆನೆ, ಕಿರಿದಾಗಿ ಕೂಡಿದರೆ ಮ್ಯಾಮತ್. ಪ್ಲಾಸ್ಟಿಕ್‌ನಲ್ಲಿ ಈ ಬಲೆ ಇರುವುದಿಲ್ಲ. ಕಾಸಿದ ಸೂಜಿ ಚುಚ್ಚಿ ನೋಡುವ ಹಳೇ ಉಪಾಯ ಬೇಡ. ಅಸಲಿಯಾಗಿದ್ದರೆ ಅದಕ್ಕೂ ಕಲೆ ಉಳಿಯುತ್ತದೆ.

ಕ್ಯಾರಿಯಿಂದ ನಾಲ್ಕೈದು ಗಂಟೆ

ಜೈಲಿನ ಮಾತು ನಗುವಂಥದ್ದೇನೋ ಹೌದು, ಆದರೆ ಪೂರ್ತಿ ನಗೆಯಲ್ಲ. 2016ರ ಜುಲೈ 6ರಿಂದ ಅಮೆರಿಕದಲ್ಲಿ ಆಫ್ರಿಕದ ಆನೆದಂತದ ವ್ಯಾಪಾರ ಬಹುತೇಕ ಬಂದ್. ನೂರು ವರ್ಷ ಮೀರಿದ ಹಳೆಯ ವಸ್ತುವಿಗೆ ವಿನಾಯಿತಿ ಉಂಟು, ಆದರೆ ಕಾಗದ ಪತ್ರ ತೋರಿಸುವ ಹೊಣೆ ನಮ್ಮದು. 2017ರಿಂದ ಬೀಟೆ ಕುಲದ ಮರಗಳೂ ಅಂತರರಾಷ್ಟ್ರೀಯ ವ್ಯಾಪಾರದ ಕಣ್ಗಾವಲಿನಲ್ಲಿವೆ. ಊರಿಂದ ಹಳೇ ಪೆಟ್ಟಿಗೆ ತರುವ ಮುನ್ನ ನಿಯಮ ನೋಡಿಕೊಳ್ಳಿ.

ನಿಮ್ರುದ್‌ನ ನೆರಳು ನಾವಿರುವ ಕಡೆಗೂ ಚಾಚಿದೆ. ಕ್ಯಾರಿಯಿಂದ ಕಾರಿನಲ್ಲಿ ನಾಲ್ಕೈದು ಗಂಟೆ ಹೋದರೆ ವಾಷಿಂಗ್ಟನ್ ಪಕ್ಕದ ಅಲೆಕ್ಸಾಂಡ್ರಿಯ. ಅಲ್ಲಿನ ವರ್ಜೀನಿಯಾ ಥಿಯಲಾಜಿಕಲ್ ಸೆಮಿನರಿ 1859ರಲ್ಲಿ ಹೆನ್ರಿ ಹ್ಯಾಸ್ಕೆಲ್ ಎಂಬ ಮಿಷನರಿ ವೈದ್ಯರ ಮೂಲಕ ಅಶೂರ್‌ನಾಸಿರ್‌ಪಾಲನ ಅರಮನೆಯ ಮೂರು ಕಲ್ಲಿನ ಫಲಕಗಳನ್ನು ತರಿಸಿಕೊಂಡಿತ್ತು. ಮೂರಕ್ಕೂ ಸೇರಿ 75 ಡಾಲರ್. 2018ರ ಅಕ್ಟೋಬರ್ 31ರಂದು ಅದರಲ್ಲಿ ಒಂದನ್ನು ನ್ಯೂಯಾರ್ಕಿನಲ್ಲಿ ಹರಾಜಿಗಿಟ್ಟಾಗ ಸುಮಾರು 3.1 ಕೋಟಿ ಡಾಲರ್ ಬಂತು. ನಮ್ಮದನ್ನು ನಮಗೆ ಕೊಡಿ ಎಂದು ಇರಾಕ್ ಕೇಳಿತ್ತು. ಕೇಳಿದ್ದು ನ್ಯಾಯವೆಂದೇ ನನಗೆ ಅನ್ನಿಸುತ್ತದೆ. ಹಿಂದೆ ಕಪ್ಪ ಎನ್ನುತ್ತಿದ್ದರು, ಈಗ ಹರಾಜು ಎನ್ನುತ್ತಾರೆ.

2015ರಲ್ಲಿ ಐಸಿಸ್ ಉಗ್ರರು ನಿಮ್ರುದ್‌ನ ವಾಯವ್ಯ ಅರಮನೆಯನ್ನು ಸಿಡಿಮದ್ದಿಟ್ಟು ಒಡೆದರು. ಆ ಅವಶೇಷದಲ್ಲಿ ಉಳಿದದ್ದನ್ನು ಎತ್ತಿ, ಗುರುತು ಹಾಕಿ, ಜೋಪಾನ ಮಾಡುವ ಇರಾಕಿ ತಂಡಕ್ಕೆ ಹೆಗಲು ಕೊಟ್ಟಿರುವುದು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆ. ನಮ್ಮ ಮಕ್ಕಳು ಶಾಲೆಯ ಪ್ರವಾಸದಲ್ಲಿ ಡೈನೊಸಾರ್ ನೋಡಲು ಹೋಗುತ್ತಾರಲ್ಲ, ಅದೇ ಸ್ಮಿತ್ಸೋನಿಯನ್.

ಅದಕ್ಕೂ ಮೊದಲೇ, 2003ರ ಯುದ್ಧದಲ್ಲಿ, ಬಾಗ್ದಾದ್‌ನ ಮ್ಯೂಸಿಯಂ ಲೂಟಿಯಾಯಿತು. ಜೋಪಾನವಾಗಿರಲೆಂದು ಬ್ಯಾಂಕಿನ ನೆಲಮಾಳಿಗೆಗೆ ಸಾಗಿಸಿದ್ದ ದಂತಗಳ ಮೇಲೆ ನೀರು ನುಗ್ಗಿತು. ಬಾವಿಯ ನೀರು ಎರಡೂವರೆ ಸಾವಿರ ವರ್ಷ ಕಾಪಾಡಿದ್ದನ್ನು ಬ್ಯಾಂಕಿನ ನೀರು ಹಾಳುಮಾಡಿತು.

ಆ ಲೂಟಿಯಲ್ಲಿ ಹೋದದ್ದರಲ್ಲಿ ಒಂದರ ಗುರುತು ಹೇಳಿಬಿಡುತ್ತೇನೆ. 1951ರಲ್ಲಿ ಮ್ಯಾಲೋವನ್‌ಗೆ ಬಾವಿಯಲ್ಲಿ ಸಿಕ್ಕ ಜೋಡಿ ಫಲಕಗಳಲ್ಲಿ ಅದೊಂದು. ಲಿಲಿ ಮತ್ತು ಪಪೈರಸ್ ಹೂಗಳ ಪೊದೆ. ಹಿಂದಕ್ಕೆ ಬಾಗಿದ ಆಫ್ರಿಕದ ತರುಣ, ಗುಂಗುರು ಕೂದಲು, ಬಂಗಾರ ಬಳಿದ ತುಂಡು ಪಂಚೆ. ಅವನ ಭುಜ ತಬ್ಬಿ ಕೊರಳಿಗೆ ಬಾಯಿ ಹಾಕಿದ ಸಿಂಹಿಣಿ. ಹೂಗಳಲ್ಲಿ ನೀಲಿ ಕಲ್ಲು, ಕೆಂಪು ಕಲ್ಲು. ಕಲ್ಹು ಸುಟ್ಟ ಅಂದಿನ ಲೂಟಿಕೋರರ ಕೈತಪ್ಪಿ ಬಂಗಾರವೂ ಉಳಿದುಕೊಂಡಿದ್ದ ಅಪರೂಪದ ತುಣುಕು. ಎಸ್ಟೇಟ್ ಸೇಲ್, ವಾರದ ಸಂತೆ, ಆನ್‌ಲೈನ್ ಹರಾಜು ಎಂದು ಹಳೇ ವಸ್ತು ಹುಡುಕುವ ಖಯಾಲಿ ಇರುವವರು, ಕಾಗದವಿಲ್ಲದ ದಂತದ ತುಂಡಿಗೆ ದಯವಿಟ್ಟು ಒಂದು ಡಾಲರನ್ನೂ ಕೊಡಬೇಡಿ.

ಜೋಡಿಯಲ್ಲಿ ಒಂದು ಲಂಡನ್ನಿನಲ್ಲಿದೆ. ಬಾಗ್ದಾದ್‌ನ ಸಿಂಹಿಣಿ ಇನ್ನೂ ಸಿಕ್ಕಿಲ್ಲ. ಅದರ ಎತ್ತರ ಸುಮಾರು 10 ಸೆಂ.ಮೀ., ಅಂಗೈಯೊಳಗೆ ಮುಚ್ಚಿಡಬಹುದಾದಷ್ಟು.